ಟೈಮ್ ತಪ್ಪು ತೋರಿಸುತ್ತಿದೆಯೇ? ಎಷ್ಟು ತಪ್ಪು ಎಂದು ಮೊದಲು ಅಳೆಯಿರಿ: ಪೈಥಾನ್‌ನಲ್ಲಿ ದಿನಾಂಕ-ಸಮಯದ ದೋಷ ಹುಡುಕುವ ಕೈಪಿಡಿ

ದಿನಾಂಕ-ಸಮಯದ ಬಗ್‌ಗಳಲ್ಲಿ ಒಂದು ಅನುಕೂಲವಿದೆ. ತಪ್ಪು ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಬಹುದು, ಆ ಲೆಕ್ಕವೇ ಅರ್ಧ ಉತ್ತರ ಹೇಳಿಬಿಡುತ್ತದೆ. ಐದೂವರೆ ಗಂಟೆ ವ್ಯತ್ಯಾಸಕ್ಕೆ ಒಂದು ಕಾರಣ, 23 ನಿಮಿಷದ ವ್ಯತ್ಯಾಸಕ್ಕೆ ಪೂರ್ತಿ ಬೇರೆಯದೇ ಕಾರಣ. ಆದರೆ ಬಹಳಷ್ಟು ಜನ ಅಳೆಯುವ ಗೋಜಿಗೆ ಹೋಗುವುದಿಲ್ಲ. ಕೋಡ್ ತೆರೆದು ಎಲ್ಲೋ ಒಂದು ಕಡೆ ಐದೂವರೆ ಗಂಟೆ ಕೂಡಿಸಿ, ಸ್ಕ್ರೀನ್ ಮೇಲೆ ಸರಿ ಬಂತೆಂದು ಟಿಕೆಟ್ ಮುಚ್ಚುತ್ತಾರೆ. ಆರು ತಿಂಗಳ ಮೇಲೆ ಇನ್ನೊಬ್ಬರು ನಿಜವಾದ ದೋಷ ಸರಿಪಡಿಸಿದಾಗ ಆ ಐದೂವರೆ ಗಂಟೆ ಎರಡನೇ ಬಗ್ ಆಗಿ ಎದ್ದು ಕೂರುತ್ತದೆ.

ಹಾಗಾಗಿ ಇಲ್ಲಿನ ವಿಭಾಗಗಳೆಲ್ಲ ಕಣ್ಣಿಗೆ ಬೀಳುವ ಲಕ್ಷಣದಿಂದಲೇ ಶುರುವಾಗುತ್ತವೆ. ನಿಮ್ಮ ಲಕ್ಷಣ ಯಾವುದೋ ಅಲ್ಲಿಗೆ ನೇರವಾಗಿ ಹೋಗಬಹುದು, ಆದರೆ ಮೊದಲ ವಿಭಾಗವನ್ನು ಬಿಡಬೇಡಿ.

## ಕೋಡ್ ಮುಟ್ಟುವ ಮುನ್ನ

ತಪ್ಪಾಗಿರುವ ಒಂದು ದಾಖಲೆ ಹಿಡಿಯಿರಿ. ಅದು ಎಷ್ಟು ಗಂಟೆ ತೋರಿಸಬೇಕಿತ್ತು, ಎಷ್ಟು ತೋರಿಸುತ್ತಿದೆ, ಮುಂದಿದೆಯೋ ಹಿಂದಿದೆಯೋ ಎಂದು ಬರೆದಿಟ್ಟುಕೊಳ್ಳಿ. ಇನ್ನೂ ಎರಡು ಮೂರು ದಾಖಲೆಗಳಲ್ಲಿ ಅದೇ ವ್ಯತ್ಯಾಸ ಇದೆಯೇ ನೋಡಿ. ಜನವರಿಯದೊಂದು, ಜುಲೈಯದೊಂದು ಆರಿಸಿಕೊಂಡರೆ ಒಳ್ಳೆಯದು. ಎರಡರಲ್ಲೂ ವ್ಯತ್ಯಾಸ ಬೇರೆ ಬೇರೆ ಬಂದರೆ ಡೇಲೈಟ್ ಸೇವಿಂಗ್ (ಕೆಲವು ದೇಶಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಕಡೆಗೇ ಕೈ ತೋರಿಸುತ್ತದೆ.

ಆಮೇಲೆ ಯಂತ್ರದ ಗಡಿಯಾರ. ಲಿನಕ್ಸ್‌ನಲ್ಲಿ ಡೇಟ್ ಕಮಾಂಡನ್ನು ಸುಮ್ಮನೆ ಒಮ್ಮೆ, ಮೈನಸ್ ಯು ಹಾಕಿ ಇನ್ನೊಮ್ಮೆ ಓಡಿಸಿ. ಎರಡೂ ಒಂದೇ ಗಂಟೆ ಹೇಳಿದರೆ ಆ ಯಂತ್ರ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ, ನಡೆಯುತ್ತಿದೆ. ಕಂಟೇನರ್‌ಗಳು (ಯಂತ್ರದೊಳಗೆ ಪ್ರತ್ಯೇಕವಾಗಿ ಓಡುವ ತಂತ್ರಾಂಶದ ಪೊಟ್ಟಣಗಳು) ಬಹುಪಾಲು ಹೀಗೇ ಇರುತ್ತವೆ. ಹೊರಗಿನ ಯಂತ್ರದ ಟೈಮ್ ಝೋನ್ ತಾನಾಗಿ ಒಳಗೆ ಬರುವುದಿಲ್ಲ. ಯುಟಿಸಿ ಸಮಯವೇ ತಪ್ಪಿದ್ದರೆ ನಿಮ್ಮ ಕೋಡ್‌ನಲ್ಲಿ ಹುಡುಕಿ ಫಲವಿಲ್ಲ, ಜಾಲದ ಮೂಲಕ ಗಡಿಯಾರ ಸರಿಹೊಂದಿಸುವ ಎನ್‌ಟಿಪಿ ನಡೆಯುತ್ತಿದೆಯೇ ಎಂದು ನೋಡಿಸಿ.

ಎಚ್ಚರಿಕೆ: ಬಳಕೆಯಲ್ಲಿರುವ ಸರ್ವರ್‌ನ ಗಡಿಯಾರವನ್ನು ಪರೀಕ್ಷೆಗೆಂದು ಕೈಯಾರೆ ತಿರುಗಿಸಬೇಡಿ. ಲಾಗಿನ್ ಟೋಕನ್‌ಗಳು ಒಮ್ಮೆಲೇ ಅವಧಿ ಮುಗಿದಂತಾಗುತ್ತವೆ, 30 ಸೆಕೆಂಡಿಗೊಮ್ಮೆ ಬದಲಾಗುವ ಒಟಿಪಿಗಳು ಹೊಂದುವುದಿಲ್ಲ, ಟಿಎಲ್ಎಸ್ ಸರ್ಟಿಫಿಕೇಟ್‌ಗಳು ತಿರಸ್ಕೃತವಾಗಬಹುದು, ನಿಗದಿತ ಹೊತ್ತಿಗೆ ತಾನಾಗಿ ಓಡುವ ಕ್ರಾನ್ ಕೆಲಸಗಳು ಎರಡೆರಡು ಸಲ ಓಡಬಹುದು. ಪರೀಕ್ಷೆಗೆ ಬೇರೆ ಯಂತ್ರ ಇಟ್ಟುಕೊಳ್ಳಿ, ಇಲ್ಲವೇ ಕೋಡ್‌ನಲ್ಲೇ ಸಮಯವನ್ನು ಆರ್ಗ್ಯುಮೆಂಟ್ ಆಗಿ ಕೊಡಿ.

ಮೂರನೆಯದು ಎಲ್ಲಕ್ಕಿಂತ ಅಗ್ಗದ್ದು, ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು. ಅನುಮಾನ ಬಂದ ವೇರಿಯಬಲನ್ನು ರೆಪ್ರ್ ಫಂಕ್ಷನ್ ಮೂಲಕ ಪ್ರಿಂಟ್ ಮಾಡಿ. ಆವರಣದೊಳಗೆ ಟಿಝಡ್‌ಇನ್ಫೋ ಎಂಬ ಭಾಗ ಇದೆಯೇ? ಇದ್ದರೆ ಆ ಡೇಟ್‌ಟೈಮ್‌ಗೆ ತಾನು ಯಾವ ಝೋನ್‌ನದು ಎಂದು ಗೊತ್ತು. ಪೈಥಾನ್ ಇದನ್ನು ಅವೇರ್ ಎನ್ನುತ್ತದೆ. ಇಲ್ಲದಿದ್ದರೆ ಅದು ನೈವ್, ವಿಳಾಸವಿಲ್ಲದ ಕಾಗದದ ಹಾಗೆ: ಒಳಗೆ ಬರೆದಿರುವುದು ಸರಿಯಾಗಿಯೇ ಇರಬಹುದು, ಯಾವ ಊರಿನ ಗಡಿಯಾರ ಎಂದು ಮಾತ್ರ ಯಾರಿಗೂ ತಿಳಿಯದು. ನನ್ನ ಅಂದಾಜಿನಲ್ಲಿ ಕೆಳಗಿನ ದೋಷಗಳಲ್ಲಿ ಹೆಚ್ಚಿನವು ಹುಟ್ಟುವುದೇ ನೈವ್ ಬೆಲೆಯೊಂದು (ವ್ಯಾಲ್ಯೂ) ಒಂದು ಫಂಕ್ಷನ್‌ನಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ.

## ನಿಮ್ಮ ಝೋನ್‌ನ ಆಫ್‌ಸೆಟ್‌ನಷ್ಟೇ ವ್ಯತ್ಯಾಸ

ಆಫ್‌ಸೆಟ್ ಎಂದರೆ ಯುಟಿಸಿಗೂ ನಿಮ್ಮ ಝೋನ್‌ಗೂ ಇರುವ ಅಂತರ. ಭಾರತೀಯ ಕಾಲಮಾನದಲ್ಲಿ ಇದು ಐದೂವರೆ ಗಂಟೆ, ನೇಪಾಳದಲ್ಲಿ ಐದು ಮುಕ್ಕಾಲು. ಹಿಂದಿದೆಯೋ ಮುಂದಿದೆಯೋ ಎಂಬುದು ಇಲ್ಲಿ ಮುಖ್ಯ. ಯುಟಿಸಿಗಿಂತ ಮುಂದಿರುವ ಝೋನ್‌ಗಳಲ್ಲಿ ಸಮಯ ಹಿಂದೆ ಬಿದ್ದಿದ್ದರೆ ಯುಟಿಸಿ ಬೆಲೆಯನ್ನು ಯಾರೂ ಸ್ಥಳೀಯ ಸಮಯಕ್ಕೆ ಬದಲಾಯಿಸಿಲ್ಲ. ಮುಂದೆ ಹೋಗಿದ್ದರೆ ಸ್ಥಳೀಯ ಸಮಯವನ್ನೇ ಯುಟಿಸಿ ಎಂದು ನಂಬಿ ಮತ್ತೊಮ್ಮೆ ಬದಲಾಯಿಸಲಾಗಿದೆ. ಆಫ್‌ಸೆಟ್‌ನ ಎರಡರಷ್ಟು, ಅಂದರೆ 11 ಗಂಟೆ ಮುಂದಿದ್ದರೆ ಎರಡು ಪದರಗಳು ಒಬ್ಬರಿಗೊಬ್ಬರು ಹೇಳದೆ ಅದೇ ಕೆಲಸ ಮಾಡಿವೆ. ಫ್ರೇಮ್‌ವರ್ಕ್ ಮತ್ತು ಡೇಟಾಬೇಸ್ ಡ್ರೈವರ್ ಎರಡನ್ನೂ ನೋಡಿ.

ಪೈಥಾನ್‌ನಲ್ಲಿ ಇದರ ಹಳೆಯ ಆರೋಪಿ ಈಗಿನ ಯುಟಿಸಿ ಸಮಯ ಕೊಡುವ ಯುಟಿಸಿನೌ ಮೆಥಡ್. ಹೆಸರು ನೋಡಿದರೆ ಯುಟಿಸಿ ಗುರುತು ಹೊತ್ತ ಬೆಲೆ ಕೊಡಬೇಕು ಅನ್ನಿಸುತ್ತದೆ, ಕೊಡುವುದು ನೈವ್. ಅದರ ಮೇಲೆ 1970ರಿಂದ ಕಳೆದ ಸೆಕೆಂಡ್‌ಗಳ ಎಣಿಕೆ ಕೊಡುವ ಟೈಮ್‌ಸ್ಟ್ಯಾಂಪ್ ಮೆಥಡ್ ಕರೆದರೆ ಪೈಥಾನ್ ಅದನ್ನು ಯಂತ್ರದ ಸ್ಥಳೀಯ ಸಮಯವೆಂದು ತಿಳಿದು ಲೆಕ್ಕ ಹಾಕುತ್ತದೆ. ಯುಟಿಸಿಗಿಂತ ಐದೂವರೆ ಗಂಟೆ ಮುಂದಿರುವ ಲ್ಯಾಪ್‌ಟಾಪ್‌ನಲ್ಲಿ ಉತ್ತರ 19,800 ಸೆಕೆಂಡ್ ಕಡಿಮೆ ಬರುತ್ತದೆ. ಯುಟಿಸಿಯಲ್ಲಿರುವ ಸರ್ವರ್‌ನಲ್ಲಿ ಅದೇ ಕೋಡ್ ಸರಿಯಾಗಿ ನಡೆಯುತ್ತದೆ. “ಸರ್ವರ್‌ನಲ್ಲಿ ಸರಿ, ನನ್ನ ಲ್ಯಾಪ್‌ಟಾಪ್‌ನಲ್ಲಿ ತಪ್ಪು” ಎಂಬ ದೂರು ಬಂದರೆ ಮೊದಲು ಈ ಹೆಸರನ್ನೇ ಕೋಡ್ ತುಂಬ ಹುಡುಕಿ. ಪೈಥಾನ್ 3.12ರಿಂದ ಇದನ್ನು ಬಳಸಬೇಡಿ ಎಂಬ ಎಚ್ಚರಿಕೆಯೂ ಬರುತ್ತದೆ. ಬದಲಿಗೆ ಡೇಟ್‌ಟೈಮ್‌ನ ನೌ ಮೆಥಡ್‌ಗೆ ಟೈಮ್‌ಝೋನ್.ಯುಟಿಸಿ ಎಂದು ಆರ್ಗ್ಯುಮೆಂಟ್ ಕೊಡಿ.

ಎರಡನೇ ಜಾಗ ಪಾರ್ಸಿಂಗ್, ಅಂದರೆ ಸ್ಟ್ರಿಂಗ್ ಓದಿ ಡೇಟ್‌ಟೈಮ್ ಮಾಡುವುದು. ಹೊರಗಿನಿಂದ ಬರುವ ಸ್ಟ್ರಿಂಗ್‌ನ ಕೊನೆಯಲ್ಲಿ ಯುಟಿಸಿ ಸೂಚಿಸುವ ಝಡ್ ಇರುತ್ತದೆ. ಅದನ್ನು ಓದುವ ಸ್ಟ್ರಿಪ್‌ಟೈಮ್‌ನ ಫಾರ್ಮ್ಯಾಟ್‌ನಲ್ಲಿ ಕೊನೆಗೆ ಬರೀ ಝಡ್ ಅಕ್ಷರ ಬರೆದಿಟ್ಟರೆ ಪೈಥಾನ್ ಅದನ್ನು ಒಂದು ಅಕ್ಷರವೆಂದು ಹೊಂದಿಸಿ ಬಿಸಾಡುತ್ತದೆ. ಕೈಗೆ ಬರುವುದು ನೈವ್ ಬೆಲೆ, ಎರರ್ ಇಲ್ಲ. ಶೇಕಡಾ ಚಿಹ್ನೆಯ ನಂತರ ಸಣ್ಣಕ್ಷರದ ಝಡ್ ಇಟ್ಟರೆ ಮಾತ್ರ ಆಫ್‌ಸೆಟ್ ಉಳಿಯುತ್ತದೆ. ಫ್ರಮ್‌ಐಸೊಫಾರ್ಮ್ಯಾಟ್ ಈ ಝಡ್ ಅನ್ನು ಒಪ್ಪಿಕೊಳ್ಳುವುದು 3.11ರಿಂದ, ಅದಕ್ಕಿಂತ ಹಳೆಯದರಲ್ಲಿ ವ್ಯಾಲ್ಯೂ ಎರರ್ ಬರುತ್ತದೆ. ಐಎಸ್‌ಟಿಯಂಥ ಮೂರಕ್ಷರದ ಹೆಸರುಗಳನ್ನಂತೂ ನಂಬಲೇಬೇಡಿ. ಭಾರತ, ಇಸ್ರೇಲ್, ಐರ್ಲೆಂಡ್ ಮೂರೂ ಕಡೆ ಆ ಮೂರಕ್ಷರ ಬಳಕೆಯಲ್ಲಿದೆ.

## 23 ನಿಮಿಷ, ನಾಲ್ಕು ನಿಮಿಷ, ಹೀಗೆ ವಿಚಿತ್ರ ವ್ಯತ್ಯಾಸ

ಇದು ನೋಡಲು ಭಯಾನಕ, ಪತ್ತೆ ಅತಿ ಸುಲಭ. ಪೈಟಿಝಡ್ ಲೈಬ್ರರಿಯ ಝೋನ್‌ ಅನ್ನು ಡೇಟ್‌ಟೈಮ್ ಕಟ್ಟುವಾಗಲೇ ಟಿಝಡ್‌ಇನ್ಫೋ ಜಾಗಕ್ಕೆ ನೇರವಾಗಿ ತುರುಕಿದ್ದೀರಿ.

ಏಷ್ಯಾ/ಕೋಲ್ಕತ್ತಾ ಝೋನ್ ಹೀಗೆ ಕೊಟ್ಟು 2024ರ ಜನವರಿ 15, ಬೆಳಿಗ್ಗೆ 10 ಗಂಟೆ ಎಂದು ಕಟ್ಟಿ ಪ್ರಿಂಟ್ ಮಾಡಿ ನೋಡಿ. ಕೊನೆಯಲ್ಲಿ +05:30 ಇರುವುದಿಲ್ಲ, +05:53 ಇರುತ್ತದೆ. ಅದನ್ನು ಯುಟಿಸಿಗೆ ಬದಲಾಯಿಸಿದರೆ 04:30 ಬರಬೇಕಾದಲ್ಲಿ 04:07 ಬರುತ್ತದೆ. ಟೈಮ್ ಝೋನ್ ದತ್ತಾಂಶದಲ್ಲಿ ಪ್ರತಿ ಊರಿನ ಮೊದಲ ನಮೂದು ಪ್ರಮಾಣಿತ ಸಮಯ ಬರುವುದಕ್ಕೂ ಮುಂಚಿನ, ಸೂರ್ಯನನ್ನು ನೋಡಿ ಲೆಕ್ಕ ಹಾಕುತ್ತಿದ್ದ ಸ್ಥಳೀಯ ಸರಾಸರಿ ಕಾಲ. ಕೋಲ್ಕತ್ತಾಗೆ ಅದು 5 ಗಂಟೆ 53 ನಿಮಿಷ 28 ಸೆಕೆಂಡ್. ಯಾವ ಕಾಲದ ನಿಯಮ ಬೇಕೆಂದು ಹೇಳದೆ ಝೋನ್ ತುರುಕಿದಾಗ ಪೈಟಿಝಡ್ ಆ ಮೊದಲ ನಮೂದನ್ನೇ ಕೊಡುತ್ತದೆ. ನ್ಯೂಯಾರ್ಕ್‌ನಲ್ಲಿ ಇದೇ ತಪ್ಪು ಮೈನಸ್ 4:56 ಎಂದು ಕಾಣುತ್ತದೆ, ಚಳಿಗಾಲದಲ್ಲಿ ನಾಲ್ಕು ನಿಮಿಷದ ವ್ಯತ್ಯಾಸ.

ಪರಿಹಾರ ಎರಡಿವೆ: ಪೈಟಿಝಡ್‌ನ ಲೋಕಲೈಸ್ ಮೆಥಡ್ ಬಳಸುವುದು, ಅಥವಾ ಪೈಥಾನ್ 3.9ರಿಂದ ಜೊತೆಗೇ ಬರುವ ಝೋನ್‌ಇನ್ಫೋಗೆ ಬದಲಾಗುವುದು. ಹೊಸ ಕೋಡ್ ಬರೆಯುವವರಿಗೆ ಎರಡನೆಯದೇ ಸರಿ. ಝೋನ್‌ಇನ್ಫೋಗೆ ಬದಲಾದ ಮೇಲೆ ವಿಂಡೋಸ್‌ನಲ್ಲೋ ತೆಳು ಕಂಟೇನರ್‌ನಲ್ಲೋ “ಝೋನ್ ಸಿಗಲಿಲ್ಲ” ಎಂಬ ಎರರ್ ಬಂದರೆ ಗಾಬರಿ ಬೇಡ. ಅಲ್ಲಿ ಆಪರೇಟಿಂಗ್ ಸಿಸ್ಟಮ್‌ನ ಬಳಿ ಝೋನ್ ದತ್ತಾಂಶ ಇಲ್ಲ, ಪಿಪ್ ಮೂಲಕ ಟಿಝಡ್‌ಡೇಟಾ ಪ್ಯಾಕೇಜ್ ಹಾಕಿದರೆ ಮುಗಿಯಿತು.

## ಒಂದು ದಿನ ಹಿಂದೆ ಅಥವಾ ಮುಂದೆ

ಹುಟ್ಟಿದ ದಿನಾಂಕ 15 ಎಂದು ಕೊಟ್ಟರೆ 14 ಎಂದು ತೋರಿಸುತ್ತದೆ. ಡೇಟಾಬೇಸ್‌ನಲ್ಲಿ ಆ ಕಾಲಮ್ ತೆರೆದು ನೋಡಿ. 18:30:00 ಎಂದು ಸಾಲುಸಾಲಾಗಿ ಕಂಡರೆ ಹೆಚ್ಚು ಯೋಚಿಸಬೇಕಿಲ್ಲ: ಭಾರತೀಯ ಕಾಲಮಾನದ ನಡುರಾತ್ರಿ ಯುಟಿಸಿಯಲ್ಲಿ ಹಿಂದಿನ ದಿನದ ಸಂಜೆ ಆರೂವರೆ. ಬರೀ ದಿನಾಂಕವಾಗಿ ಇರಬೇಕಾದ್ದಕ್ಕೆ ಯಾರೋ ನಡುರಾತ್ರಿಯ ಗಂಟೆ ಅಂಟಿಸಿ, ಅದನ್ನು ಝೋನ್ ಬದಲಾವಣೆಗೆ ಒಡ್ಡಿದ್ದಾರೆ. ಹುಟ್ಟಿದ ದಿನ, ರಜೆಯ ದಿನ, ಬಿಲ್ಲಿನ ದಿನಾಂಕಗಳಿಗೆ ಡೇಟ್ ಟೈಪ್ ಸಾಕು, ಡೇಟ್‌ಟೈಮ್ ಬೇಡ.

ಬೆಲೆ ಬ್ರೌಸರ್‌ನಿಂದ ಬರುತ್ತಿದ್ದರೆ ಜಾವಾಸ್ಕ್ರಿಪ್ಟ್‌ನ ಒಂದು ವಕ್ರಬುದ್ಧಿ ನೆನಪಿರಲಿ. 2024-01-15 ಎಂಬ ಬರೀ ದಿನಾಂಕವನ್ನು ಅದು ಯುಟಿಸಿ ನಡುರಾತ್ರಿ ಎಂದು ಓದುತ್ತದೆ. ಅದರ ಮುಂದೆ ಗಂಟೆ-ನಿಮಿಷ ಸೇರಿಸಿ ಆಫ್‌ಸೆಟ್ ಬಿಟ್ಟರೆ ಸ್ಥಳೀಯ ಸಮಯ ಎಂದು ಓದುತ್ತದೆ. ಅಮೆರಿಕದ ಬಳಕೆದಾರರಿಗೆ ಒಂದು ದಿನ ಹಿಂದೆ, ಏಷ್ಯಾದವರಿಗೆ ಸರಿ ಎಂಬ ದೂರುಗಳು ಇಲ್ಲಿಂದಲೇ ಬರುತ್ತವೆ. ತಿಂಗಳು ಒಂದು ಹೆಚ್ಚುಕಡಿಮೆಯಾದರೂ ಜಾವಾಸ್ಕ್ರಿಪ್ಟ್ ಮೇಲೇ ಅನುಮಾನಪಡಿ, ಅಲ್ಲಿ ಜನವರಿಯ ಸಂಖ್ಯೆ 0.

ದಿನದ ವರದಿಯಲ್ಲಿ ನಡುರಾತ್ರಿಯಿಂದ ಬೆಳಗಿನ ಐದೂವರೆವರೆಗಿನ ದಾಖಲೆಗಳು ಮಾತ್ರ ಹಿಂದಿನ ದಿನಕ್ಕೆ ಸೇರುತ್ತಿದ್ದರೆ ಕ್ವೆರಿ ಯುಟಿಸಿ ದಿನದ ಮೇಲೆ ಗುಂಪು ಮಾಡುತ್ತಿದೆ. ಡೇಟ್.ಟುಡೇ ಕೂಡ ಯಂತ್ರದ ಝೋನ್‌ನ ಇವತ್ತನ್ನೇ ಕೊಡುತ್ತದೆ, ಬಳಕೆದಾರರ ಇವತ್ತನ್ನಲ್ಲ.

## ತಿಂಗಳ 12ರವರೆಗೆ ಅದಲುಬದಲು, 13ರಿಂದ ಎರರ್

ದಿನ-ತಿಂಗಳು ತಿರುಗುಮುರುಗಾಗಿದೆ. ಏಪ್ರಿಲ್ 3 ಮಾರ್ಚ್ 4 ಆಗುತ್ತದೆ, 13 ಬಂದಾಗ ಹದಿಮೂರನೇ ತಿಂಗಳಿಲ್ಲದೆ ಸಿಕ್ಕಿಬೀಳುತ್ತದೆ. ಎರರ್ ಬರುವ ಸಾಲುಗಳಿಗಿಂತ ಎರರ್ ಬರದ ಸಾಲುಗಳೇ ಅಪಾಯ. ಅವು ಸದ್ದಿಲ್ಲದೆ ಒಳಗೆ ಸೇರಿ ಕೂತಿರುತ್ತವೆ.

ಇದೇ ಜಾತಿಯ ಇನ್ನೆರಡು. ಸಮಯ ಸರಿಯಾಗಿ 12 ಗಂಟೆ ತಪ್ಪಿದ್ದರೆ ಪಿಎಂ ಕಳೆದುಹೋಗಿದೆ. ಸ್ಟ್ರಿಪ್‌ಟೈಮ್‌ನಲ್ಲಿ ಗಂಟೆಗೆ ದೊಡ್ಡಕ್ಷರದ ಎಚ್ ಕೊಟ್ಟರೆ ಅದು 24 ಗಂಟೆಯ ಲೆಕ್ಕ. ಪಕ್ಕದಲ್ಲಿ ಎಎಂ-ಪಿಎಂ ಓದುವ ಪಿ ಇದ್ದರೂ ಅದಕ್ಕೆ ಬೆಲೆಯಿಲ್ಲ. 02:15 ಪಿಎಂ ಬೆಳಗಿನ ಜಾವ 02:15 ಆಗಿಬಿಡುತ್ತದೆ. ದೊಡ್ಡಕ್ಷರದ ಐ ಬಳಸಿ. ಇನ್ನು ನಿಮಿಷದ ಜಾಗದಲ್ಲಿ ಮಾರ್ಚ್ ಪೂರ್ತಿ 03, ಏಪ್ರಿಲ್ ಪೂರ್ತಿ 04 ಎಂದೇ ಬರುತ್ತಿದ್ದರೆ ನಗು ತಡೆದುಕೊಂಡು ಫಾರ್ಮ್ಯಾಟ್ ನೋಡಿ: ಸಣ್ಣಕ್ಷರದ ಎಂ ತಿಂಗಳು, ದೊಡ್ಡಕ್ಷರದ ಎಂ ನಿಮಿಷ.

ಡಿಸೆಂಬರ್ ಕೊನೆಯ ಎರಡು ಮೂರು ದಿನ ಮಾತ್ರ ವರ್ಷ ಒಂದು ಮುಂದೆ ತೋರಿಸುತ್ತಿದ್ದರೆ, ಅಂದರೆ 2024ರ ಡಿಸೆಂಬರ್ 30 ಹೋಗಿ 2025ರ ಡಿಸೆಂಬರ್ 30 ಆಗಿದ್ದರೆ, ಫಾರ್ಮ್ಯಾಟ್‌ನಲ್ಲಿ ವಾರ ಆಧಾರಿತ ವರ್ಷದ ಅಕ್ಷರ ಸೇರಿಕೊಂಡಿದೆ. ಪೈಥಾನ್‌ನಲ್ಲಿ ಅದು ದೊಡ್ಡಕ್ಷರದ ಜಿ, ಜಾವಾದಲ್ಲಿ ದೊಡ್ಡಕ್ಷರದ ನಾಲ್ಕು ವೈ. ವರ್ಷವಿಡೀ ಸರಿಯಾಗಿ ನಡೆದು ಜನ ರಜೆಯಲ್ಲಿರುವಾಗ ಹೊರಬರುವ ಬಗ್ ಇದು.

## 1970, 1969 ಅಥವಾ ಸಾವಿರಾರು ವರ್ಷ ಮುಂದೆ

ಯೂನಿಕ್ಸ್ ಸಮಯದ ಎಣಿಕೆ ಶುರುವಾಗುವುದು 1970ರ ಜನವರಿ 1ರಿಂದ. ಸರಿಯಾಗಿ ಆ ದಿನವೇ ಕಂಡರೆ ಎಲ್ಲೋ ಖಾಲಿ ಬೆಲೆ 0 ಆಗಿದೆ. ಭಾರತೀಯ ಕಾಲಮಾನದಲ್ಲಿ ಅದು ಬೆಳಿಗ್ಗೆ 5:30, ಅಮೆರಿಕದಲ್ಲಿ 1969ರ ಡಿಸೆಂಬರ್ 31.

ಜನವರಿ 20ರ ಆಸುಪಾಸು ಕಂಡರೆ ಕಥೆ ಬೇರೆ. ಸೆಕೆಂಡ್‌ಗಳನ್ನು ಮಿಲಿಸೆಕೆಂಡ್ ಎಂದು ಓದಲಾಗಿದೆ. 1,70,00,00,000 ಎಂಬ ಬೆಲೆ ಸೆಕೆಂಡ್ ಆಗಿದ್ದರೆ 2023ರ ನವೆಂಬರ್ 14, ಮಿಲಿಸೆಕೆಂಡ್ ಆಗಿದ್ದರೆ 1970ರ ಜನವರಿ 20. ತಿರುಗಾದರೆ ವರ್ಷ ಐವತ್ತು ಸಾವಿರ ದಾಟುತ್ತದೆ. ಪೈಥಾನ್‌ನ ಡೇಟ್‌ಟೈಮ್ 9999ಕ್ಕೆ ನಿಲ್ಲುವುದರಿಂದ ಅಲ್ಲಿ ಎರರ್ ಸಿಗುತ್ತದೆ. ಅಂಕಿ ಎಣಿಸಿದರೆ ಸಾಕು: ಈಗಿನ ಕಾಲದ ಬೆಲೆ ಸೆಕೆಂಡ್‌ನಲ್ಲಿ 10 ಅಂಕಿ, ಮಿಲಿಸೆಕೆಂಡ್‌ನಲ್ಲಿ 13.

ದಿನಾಂಕದ ಜಾಗದಲ್ಲಿ 45292ರಂಥ ಐದಂಕಿ ಕಂಡರೆ ಅದು ಎಕ್ಸೆಲ್‌ನ ದಿನಗಳ ಎಣಿಕೆ, 2024ರ ಜನವರಿ 1. ಪೈಥಾನ್‌ನಲ್ಲಿ 1899ರ ಡಿಸೆಂಬರ್ 30ಕ್ಕೆ ಅಷ್ಟು ದಿನ ಕೂಡಿಸಿ. ಡಿಸೆಂಬರ್ 30 ಯಾಕೆಂದರೆ ಎಕ್ಸೆಲ್ 1900 ಅನ್ನು ಅಧಿಕ ವರ್ಷವೆಂದು ತಪ್ಪಾಗಿ ಎಣಿಸುತ್ತದೆ, ಹೊಂದಾಣಿಕೆಗಾಗಿ ಆ ತಪ್ಪನ್ನು ಹಾಗೇ ಉಳಿಸಿಕೊಂಡಿದ್ದಾರೆ.

1901 ಕಂಡರೆ 32 ಬಿಟ್ ತುಂಬಿ ತುಳುಕಿದೆ. ಚಿಹ್ನೆಯಿರುವ 32 ಬಿಟ್ ಎಣಿಕೆ 2038ರ ಜನವರಿ 19, ಯುಟಿಸಿ 03:14:07ಕ್ಕೆ ಮುಗಿಯುತ್ತದೆ. ಮೂವತ್ತು ವರ್ಷದ ಸಾಲದ ಕಂತು ಲೆಕ್ಕ ಹಾಕುವ ತಂತ್ರಾಂಶಕ್ಕೆ 2038 ಆಗಲೇ ಬಂದಾಗಿದೆ.

## ನೈವ್, ಅವೇರ್ ಎಂದು ಬೈಯುವ ಟೈಪ್ ಎರರ್

ಎರಡು ಡೇಟ್‌ಟೈಮ್‌ಗಳನ್ನು ಕಳೆಯುವಾಗ ಅಥವಾ ಯಾವುದು ಮೊದಲು ಎಂದು ಹೋಲಿಸುವಾಗ ಒಂದಕ್ಕೆ ಝೋನ್ ಇದ್ದು ಇನ್ನೊಂದಕ್ಕೆ ಇಲ್ಲದಿದ್ದರೆ ಪೈಥಾನ್ ನಿಂತುಬಿಡುತ್ತದೆ. ಇದು ಒಳ್ಳೆಯದೇ. ಅವಸರಕ್ಕೆ ರಿಪ್ಲೇಸ್ ಮೆಥಡ್‌ನಿಂದ ಝೋನ್ ಅಂಟಿಸುವುದೋ ಕೀಳುವುದೋ ಮಾಡಬೇಡಿ. ರಿಪ್ಲೇಸ್ ಗಡಿಯಾರದ ಮುಳ್ಳನ್ನು ಹಾಗೇ ಬಿಟ್ಟು ಹೆಸರನ್ನಷ್ಟೇ ಬದಲಾಯಿಸುತ್ತದೆ. ಸಮಯ ಬದಲಾಯಿಸಬೇಕಿದ್ದರೆ ಆಸ್‌ಟೈಮ್‌ಝೋನ್. ನೈವ್ ಬೆಲೆ ಎಲ್ಲಿಂದ ಬಂತು, ಯಾವ ಝೋನ್‌ನದು ಎಂದು ಖಚಿತವಾಗಿ ಗೊತ್ತಾದ ಮೇಲೆಯೇ ರಿಪ್ಲೇಸ್.

ಒಂದು ಸೂಕ್ಷ್ಮ: ಸಮಾನವೇ ಎಂದು ಎರಡು ಈಕ್ವಲ್ಸ್ ಚಿಹ್ನೆಯಿಂದ ಕೇಳಿದಾಗ ಮಾತ್ರ ಎರರ್ ಬರುವುದಿಲ್ಲ, ಸುಮ್ಮನೆ ಫಾಲ್ಸ್ ಸಿಗುತ್ತದೆ. “ದಾಖಲೆ ಇದೆ, ಹುಡುಕಿದರೆ ಸಿಗುತ್ತಿಲ್ಲ” ಎಂಬುದರ ಹಿಂದೆ ಇದಿರಬಹುದು.

## ಅವಧಿ ಮೈನಸ್ ಬರುತ್ತಿದೆ, ಅಥವಾ 25 ಗಂಟೆ ಒಂದೇ ಗಂಟೆ ಆಗಿದೆ

ಎರಡು ಸಮಯಗಳ ಅಂತರ ಹಿಡಿದಿಡುವ ಟೈಮ್‌ಡೆಲ್ಟಾದ ಸೆಕೆಂಡ್ಸ್ ಎಂಬುದು ಒಟ್ಟು ಸೆಕೆಂಡ್ ಅಲ್ಲ, ದಿನಗಳನ್ನು ತೆಗೆದ ಮೇಲೆ ಉಳಿದದ್ದು. 25 ಗಂಟೆಗೆ 3,600 ಕೊಡುತ್ತದೆ. ಮೈನಸ್ ಒಂದು ಸೆಕೆಂಡನ್ನು ಮೈನಸ್ ಒಂದು ದಿನ, 86,399 ಸೆಕೆಂಡ್ ಎಂದು ಇಟ್ಟುಕೊಂಡಿರುತ್ತದೆ. ಟೋಟಲ್ ಸೆಕೆಂಡ್ಸ್ ಮೆಥಡ್ ಬಳಸಿ.

ಕೋಡ್ ಎಷ್ಟು ಹೊತ್ತು ಓಡಿತು ಎಂದು ಅಳೆಯುವಾಗ ಆಗೊಮ್ಮೆ ಈಗೊಮ್ಮೆ ಮೈನಸ್ ಬರುತ್ತಿದ್ದರೆ ಅಳೆಯುವ ನಡುವೆ ಎನ್‌ಟಿಪಿ ಗಡಿಯಾರವನ್ನು ಹಿಂದಕ್ಕೆ ಸರಿಸಿದೆ. ಅವಧಿಗೆ ಟೈಮ್.ಮೊನೊಟೋನಿಕ್ ಬಳಸಿ, ಅದು ಹಿಂದೆ ಹೋಗುವುದಿಲ್ಲ.

## ಎಲ್ಲ ದಾಖಲೆಗಳಿಗೂ ಒಂದೇ ಸಮಯ

ಸರ್ವರ್ ಶುರುವಾದ ಹೊತ್ತೇ ಎಲ್ಲದರಲ್ಲೂ ಇದೆಯೇ? ಫಂಕ್ಷನ್‌ನ ಡೀಫಾಲ್ಟ್ ಆರ್ಗ್ಯುಮೆಂಟ್‌ನಲ್ಲಿ ನೌ ಅನ್ನು ಆವರಣ ಸಮೇತ ಕರೆದಿದ್ದೀರಿ. ಪೈಥಾನ್ ಅದನ್ನು ಫಂಕ್ಷನ್ ಹುಟ್ಟಿದಾಗ ಒಂದೇ ಸಲ ಲೆಕ್ಕ ಹಾಕುತ್ತದೆ. ಡೀಫಾಲ್ಟ್ ಆಗಿ ಖಾಲಿ ಎಂದು ಸೂಚಿಸುವ ನನ್ (None) ಇಟ್ಟು, ನೌ ಅನ್ನು ಫಂಕ್ಷನ್ ಒಳಗೆ ಕರೆಯಿರಿ. ಜಾಂಗೋ ಫ್ರೇಮ್‌ವರ್ಕ್‌ನ ಮಾಡೆಲ್‌ನಲ್ಲಾದರೆ ಆವರಣ ತೆಗೆದು ಫಂಕ್ಷನ್ ಹೆಸರಷ್ಟೇ ಕೊಡಿ.

## ಫೆಬ್ರವರಿ 29ರಂದು ಮಾತ್ರ ಕುಸಿಯುತ್ತದೆ

ವರ್ಷವನ್ನಷ್ಟೇ ರಿಪ್ಲೇಸ್ ಮಾಡಿದರೆ 2025ರಲ್ಲಿ ಫೆಬ್ರವರಿ 29 ಇಲ್ಲದೆ ವ್ಯಾಲ್ಯೂ ಎರರ್ ಬರುತ್ತದೆ. 28 ಆಗಬೇಕೋ ಮಾರ್ಚ್ 1 ಆಗಬೇಕೋ ಎಂಬುದು ಕೋಡ್ ಬರೆಯುವವರ ತೀರ್ಮಾನವಲ್ಲ, ವ್ಯವಹಾರದ ನಿಯಮ ಬಲ್ಲವರನ್ನು ಕೇಳಿ. ವರ್ಷವಿಲ್ಲದೆ ಬರೀ ದಿನ-ತಿಂಗಳನ್ನು ಸ್ಟ್ರಿಪ್‌ಟೈಮ್‌ಗೆ ಕೊಟ್ಟಾಗಲೂ ಇದೇ ಗತಿ. ವರ್ಷ ಸಿಗದಿದ್ದರೆ ಅದು 1900 ಎಂದುಕೊಳ್ಳುತ್ತದೆ, 1900 ಅಧಿಕ ವರ್ಷವಲ್ಲ.

## ವರ್ಷದಲ್ಲಿ ಎರಡು ಸಲ, ಅಥವಾ ಒಂದೇ ದೇಶದಲ್ಲಿ, ಒಂದು ಗಂಟೆ ತಪ್ಪು

ಕಷ್ಟದ ಭಾಗ ಇದು. ನ್ಯೂಯಾರ್ಕ್‌ನಲ್ಲಿ 2024ರ ಮಾರ್ಚ್ 10ರ 02:30 ಎಂಬ ಹೊತ್ತು ಇರಲೇ ಇಲ್ಲ. ಗಡಿಯಾರ ಎರಡರಿಂದ ಮೂರಕ್ಕೆ ಹಾರಿತು. ನವೆಂಬರ್ 3ರ 01:30 ಎರಡು ಸಲ ಬಂತು. ಎರಡರಲ್ಲಿ ಯಾವುದು ಎಂದು ಹೇಳಲು ಪೈಥಾನ್ 3.6ರಿಂದ ಫೋಲ್ಡ್ ಎಂಬ ಗುರುತಿದೆ: 0 ಮೊದಲನೆಯದು, 1 ಎರಡನೆಯದು.

ಕಳೆಯುವ ಲೆಕ್ಕದಲ್ಲೂ ಬಲೆಯಿದೆ. ನ್ಯೂಯಾರ್ಕ್ ಝೋನ್‌ನಲ್ಲೇ ಮಾರ್ಚ್ 9ರ ಮಧ್ಯಾಹ್ನ 12ರಿಂದ ಮಾರ್ಚ್ 10ರ ಮಧ್ಯಾಹ್ನ 12ಕ್ಕೆ ಎಷ್ಟು ಎಂದು ಕೇಳಿದರೆ ಪೈಥಾನ್ 24 ಗಂಟೆ ಎನ್ನುತ್ತದೆ. ನಿಜವಾಗಿ ಕಳೆದದ್ದು 23. ಎರಡೂ ಬದಿಗೆ ಒಂದೇ ಝೋನ್ ಇದ್ದರೆ ಅದು ಗೋಡೆ ಗಡಿಯಾರದ ಲೆಕ್ಕವನ್ನೇ ಹಾಕುತ್ತದೆ. ಪಾಳಿಯ ಕೂಲಿ, ಔಷಧಿಯ ಅಂತರದಂಥ ಕಡೆ ಎರಡನ್ನೂ ಯುಟಿಸಿಗೆ ಬದಲಾಯಿಸಿಯೇ ಕಳೆಯಿರಿ.

ಒಂದು ದೇಶದ ಬಳಕೆದಾರರಿಗೆ ಮಾತ್ರ ತಪ್ಪಿದ್ದರೆ ಝೋನ್ ದತ್ತಾಂಶ ಹಳೆಯದು. ಸರ್ಕಾರಗಳು ನಿಯಮ ಬದಲಿಸುತ್ತಲೇ ಇರುತ್ತವೆ: ಮೆಕ್ಸಿಕೊ 2022ರಲ್ಲಿ ಬಹುಭಾಗದಲ್ಲಿ ಡೇಲೈಟ್ ಸೇವಿಂಗ್ ಕೈಬಿಟ್ಟಿತು, ಈಜಿಪ್ಟ್ 2023ರಲ್ಲಿ ಮತ್ತೆ ತಂದಿತು, ಕಝಾಕಿಸ್ತಾನ 2024ರ ಮಾರ್ಚ್ 1ರಿಂದ ದೇಶವಿಡೀ ಯುಟಿಸಿ+5ಕ್ಕೆ ಬಂತು. ಝೋನ್‌ಇನ್ಫೋ ಮೊದಲು ಆಪರೇಟಿಂಗ್ ಸಿಸ್ಟಮ್‌ನ ದತ್ತಾಂಶ ನೋಡುತ್ತದೆ, ಅದಿಲ್ಲದಿದ್ದರೆ ಮಾತ್ರ ಟಿಝಡ್‌ಡೇಟಾ. ಹಾಗಾಗಿ ಪ್ಯಾಕೇಜನ್ನಷ್ಟೇ ಅಪ್‌ಡೇಟ್ ಮಾಡಿ “ಆದರೂ ಬದಲಾಗಲಿಲ್ಲ” ಎಂದು ತಲೆ ಕೆಡಿಸಿಕೊಳ್ಳಬೇಡಿ.

ಇದೇ ಕಾರಣಕ್ಕೆ “ಎಲ್ಲವನ್ನೂ ಯುಟಿಸಿಯಲ್ಲಿ ಇಡಿ” ಎಂಬ ಸಲಹೆಯನ್ನು ಕಣ್ಣುಮುಚ್ಚಿ ಪಾಲಿಸಬಾರದು ಎಂಬುದು ನನ್ನ ನಿಲುವು. ಆಗಿಹೋದ ಘಟನೆಗೆ ಅದು ಸರಿ. ಮುಂದಿನ ವರ್ಷದ ಸಭೆಗೆ ಸ್ಥಳೀಯ ಸಮಯ ಮತ್ತು ಝೋನ್ ಹೆಸರು ಎರಡನ್ನೂ ಇಡಿ. ನಡುವೆ ನಿಯಮ ಬದಲಾದರೂ ಸಭೆ ಹತ್ತಕ್ಕೇ ಇರುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ “ಟೈಮ್ ಝೋನ್ ಸಹಿತ” ಕಾಲಮ್ ಇದಕ್ಕೆ ಸಾಲದು. ಅದು ಬೆಲೆಯನ್ನು ಯುಟಿಸಿಗೆ ಬದಲಾಯಿಸಿ ಇಡುತ್ತದೆ, ಝೋನ್ ಹೆಸರನ್ನು ಉಳಿಸಿಕೊಳ್ಳುವುದಿಲ್ಲ.

## ಎಲ್ಲಿ ನಿಲ್ಲಿಸಬೇಕು

ಕೋಡ್ ಸರಿಪಡಿಸುವುದು ಒಂದು, ಈಗಾಗಲೇ ತಪ್ಪಾಗಿ ಕೂತಿರುವ ದತ್ತಾಂಶ ತಿದ್ದುವುದು ಇನ್ನೊಂದು. ಎರಡನೆಯದನ್ನು ಒಬ್ಬರೇ ಮಾಡಬೇಡಿ. ಕಾಲಮ್ ಪೂರ್ತಿಗೆ ಐದೂವರೆ ಗಂಟೆ ಕೂಡಿಸುವ ಅಪ್‌ಡೇಟ್ ಎರಡು ಸಲ ಓಡಿದರೆ ಹಿಂದಿನ ಸ್ಥಿತಿಗೆ ಮರಳುವುದು ಕಷ್ಟ. ಬ್ಯಾಕಪ್ ತೆಗೆಯಿರಿ, ತಿದ್ದಿದ ಬೆಲೆಯನ್ನು ಹೊಸ ಕಾಲಮ್‌ನಲ್ಲಿ ಇಡಿ, ಹಳೆಯದನ್ನು ಮುಟ್ಟಬೇಡಿ.

ಒಂದೇ ಕಾಲಮ್‌ನಲ್ಲಿ ಕೆಲವು ಯುಟಿಸಿ, ಕೆಲವು ಸ್ಥಳೀಯ ಸಮಯ ಬೆರೆತಿದ್ದು ಯಾವುದು ಯಾವುದೆಂದು ಗುರುತೇ ಇಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ ಡೇಟಾಬೇಸ್ ನೋಡಿಕೊಳ್ಳುವವರನ್ನು ಕರೆಯಿರಿ. ಮೂಲ ಲಾಗ್‌ಗಳಿಲ್ಲದೆ ಅದನ್ನು ಬೇರ್ಪಡಿಸಲು ಬರುವುದಿಲ್ಲ. ಸಂಬಳ, ತೆರಿಗೆ, ಆಸ್ಪತ್ರೆ, ನ್ಯಾಯಾಲಯದ ದಾಖಲೆಗಳಾದರೆ ಅವುಗಳ ಜವಾಬ್ದಾರಿ ಹೊತ್ತವರ ಒಪ್ಪಿಗೆ ಲಿಖಿತವಾಗಿ ಸಿಗುವವರೆಗೆ ಒಂದು ಸಾಲನ್ನೂ ತಿದ್ದಬೇಡಿ.

ನೆರವು ಕೇಳುವಾಗ ಇಷ್ಟು ಕೈಯಲ್ಲಿರಲಿ: ತಪ್ಪಾದ ಒಂದು ಬೆಲೆಯ ರೆಪ್ರ್, ಇರಬೇಕಿದ್ದ ಬೆಲೆ, ಡೇಟಾಬೇಸ್‌ನಲ್ಲಿ ಇರುವ ಕಚ್ಚಾ ಬೆಲೆ ಮತ್ತು ಕಾಲಮ್‌ನ ಟೈಪ್, ಯಂತ್ರದ ಮತ್ತು ಡೇಟಾಬೇಸ್ ಸೆಷನ್‌ನ ಟೈಮ್ ಝೋನ್, ಪೈಥಾನ್ ಹಾಗೂ ಟಿಝಡ್‌ಡೇಟಾ ಆವೃತ್ತಿ. ಸ್ಕ್ರೀನ್‌ಶಾಟ್ ಬೇಡ. ಅದನ್ನು ತೆಗೆದ ಬ್ರೌಸರ್ ಯಾವ ಝೋನ್‌ನಲ್ಲಿತ್ತು ಎಂಬ ಇನ್ನೊಂದು ಪ್ರಶ್ನೆ ಅದರ ಹಿಂದೆಯೇ ಬರುತ್ತದೆ.